ಎನ್‌ಸಿಸಿ ಮಕ್ಕಳನ್ನು ಗಡಿಗೆ ಕಳಿಸುತ್ತಾರೆಂಬ ಸಂದೇಶ: ಸ್ಪಷ್ಟನೆ

‘ಎನ್‌ಸಿಸಿಗೆ ಸೇರಿದವರೆಲ್ಲ ಸೇನಾ ಕಾಯ್ದೆಗೆ ಒಳಪಡುತ್ತಾರೆ, ಯುದ್ಧವಾದರೆ ಹೋಗಲೇಬೇಕು’ ಎಂಬ ವಾಟ್ಸಾಪ್ ಸಂದೇಶ ಸಾಗರ, ತೀರ್ಥಹಳ್ಳಿ ಕಡೆಯ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಸೇನೆಗೆ ಇರುವುದು 1950ರ ಸೇನಾ ಕಾಯ್ದೆ. ಎನ್‌ಸಿಸಿ ಹುಟ್ಟಿದ್ದು 1948ರ ಬೇರೆಯೇ ಕಾಯ್ದೆಯಿಂದ. ಕೆಡೆಟ್ ಆದ ಮಾತ್ರಕ್ಕೆ ಯಾರಿಗೂ ಸೇನಾಸೇವೆಯ ಹೊಣೆ ಬರುವುದಿಲ್ಲ. ಎನ್‌ಸಿಸಿಯ ಕೊನೆಯ ಹಂತದ ‘ಸಿ’ ಸರ್ಟಿಫಿಕೇಟ್ ಪಡೆದರೂ ಅಷ್ಟೇ. ಅದು ಸೇನೆಯ ಆಯ್ಕೆಯಲ್ಲಿ ಅನುಕೂಲ, ಕರೆಯೋಲೆ ಅಲ್ಲ.

ಗೊಂದಲಕ್ಕೆ ಕಾರಣ ಬಹುಶಃ 2025ರ ಮೇ ತಿಂಗಳ ಆದೇಶ. ಆಗ ಕೇಂದ್ರ ಸರ್ಕಾರ, ಅಗತ್ಯವಿದ್ದರೆ ಟೆರಿಟೋರಿಯಲ್ ಆರ್ಮಿಯವರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತ್ತು. ಟೆರಿಟೋರಿಯಲ್ ಆರ್ಮಿಯವರು ಬೇರೆ ಕೆಲಸದಲ್ಲಿದ್ದುಕೊಂಡೇ ಸ್ವಇಚ್ಛೆಯಿಂದ ಸೇರಿದ ವಯಸ್ಕರು. ಕರೆ ಬಂದು ಸೇವೆಗಿಳಿದಾಗ ಸೇನಾ ಕಾಯ್ದೆ ಅವರಿಗೆ ಅನ್ವಯಿಸುತ್ತದೆ. ಅಗ್ನಿವೀರರಿಗಂತೂ ನಾಲ್ಕು ವರ್ಷದ ಸೇವೆಯುದ್ದಕ್ಕೂ ಅದೇ ಕಾಯ್ದೆ. ಕಾಲೇಜು ಮೈದಾನದಲ್ಲಿ ಕವಾಯತು ಮಾಡುವ ಹುಡುಗಿಗೂ ಇದಕ್ಕೂ ಸಂಬಂಧವಿಲ್ಲ.

‘ನಮ್ಮ ಕಾಲದಲ್ಲಿ ಕಡ್ಡಾಯವಿತ್ತಲ್ಲ’ ಎನ್ನುವ ಹಿರಿಯರ ನೆನಪು ಪೂರ್ತಿ ತಪ್ಪಲ್ಲ. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿ ತರಬೇತಿ ಕಡ್ಡಾಯವಾಗಿತ್ತು, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಕಡ್ಡಾಯವಿದ್ದದ್ದು ತರಬೇತಿ, ಯುದ್ಧವಲ್ಲ.