ಬ್ಲೂಗ್ರಾಸ್ ಹಾಡಿಗೆ ಹದಿನೈದು ನಿಮಿಷದ ಸೋಲೋ ಬೇಕೇ?

ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಗಿಟಾರ್ ಮತ್ತು ಡಬಲ್ ಬಾಸ್‌ಗಳ ಮೇಲೆ ನಿಂತಿರುವ ಅಮೆರಿಕದ ಬ್ಲೂಗ್ರಾಸ್ ಸಂಗೀತವನ್ನು 1970ರ ದಶಕದಿಂದೀಚೆಗೆ ಹಿಪ್ಪಿ ಪೀಳಿಗೆಯ ವಾದಕರೂ ಅವರ ಹಾದಿ ಹಿಡಿದ ಜಾಮ್ ಬ್ಯಾಂಡ್‌ಗಳೂ (ವೇದಿಕೆಯಲ್ಲೇ ಕಲ್ಪಿಸಿಕೊಂಡು ದೀರ್ಘವಾಗಿ ನುಡಿಸುವ ತಂಡಗಳು) ಬೇರೊಂದು ದಿಕ್ಕಿಗೆ ಒಯ್ದಿದ್ದಾರೆ. ಮೂರು ನಿಮಿಷದ ಹಾಡು ಅವರ ವೇದಿಕೆಯಲ್ಲಿ ಹತ್ತು, ಹದಿನೈದು ನಿಮಿಷಗಳವರೆಗೆ ಬೆಳೆಯುತ್ತದೆ. ಇದರಿಂದ ಬ್ಲೂಗ್ರಾಸ್‌ಗೆ ಒಳಿತಾಗಿದೆಯೇ ಎಂಬುದು ಅಭಿಮಾನಿಗಳ ನಡುವೆ ಇನ್ನೂ ತೀರದ ವಾದ.

ಪರ

ಬ್ಲೂಗ್ರಾಸ್ ಹಾಡೆಂದರೆ ಮೂರು ನಿಮಿಷದ್ದು ಎಂಬ ನಿಯಮ ಸಂಗೀತದ ಒಳಗಿನಿಂದ ಹುಟ್ಟಿದ್ದಲ್ಲ. 78 ಆರ್‌ಪಿಎಂ ವೇಗದಲ್ಲಿ ತಿರುಗುತ್ತಿದ್ದ ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಹೊತ್ತಿನ ಸಂಗೀತ ಹಿಡಿಯುತ್ತಿತ್ತು. ಈ ಸಂಗೀತದ ಮೂಲಪುರುಷ ಬಿಲ್ ಮನ್ರೋ ಹುಡುಗನಾಗಿದ್ದಾಗ ಕೆಂಟಕಿಯ ರೋಸಿನ್ ಊರಿನ ಸುತ್ತಮುತ್ತ ಸೋದರಮಾವ ಪೆಂಡಲ್ಟನ್ ವ್ಯಾಂಡಿವರ್ ಅವರ ಪಿಟೀಲಿಗೆ ಜೊತೆ ನುಡಿಸುತ್ತ ಹೋಗುತ್ತಿದ್ದುದು ಹಳ್ಳಿಯ ನೃತ್ಯಕೂಟಗಳಿಗೆ. ಅಲ್ಲಿ ಒಂದು ಮಟ್ಟು ಎಷ್ಟು ಹೊತ್ತು ನಡೆಯಬೇಕೆಂಬುದನ್ನು ಕುಣಿಯುವವರು ತೀರ್ಮಾನಿಸುತ್ತಿದ್ದರೇ ಹೊರತು ರೆಕಾರ್ಡ್ ಕಂಪನಿಯಲ್ಲ. ಆದ್ದರಿಂದ ಹಾಡನ್ನು ಬೆಳೆಸುವವರು ಸಂಪ್ರದಾಯವನ್ನು ಮುರಿದರು ಎನ್ನುವ ಮೊದಲು, ನಾವು ಸಂಪ್ರದಾಯ ಎಂದು ಕರೆಯುತ್ತಿರುವುದರಲ್ಲಿ ಎಷ್ಟು ಭಾಗ ತಟ್ಟೆಯ ಅಳತೆ ಎಂಬುದನ್ನು ನೋಡಬೇಕು.

ಮನ್ರೋ ಸ್ವತಃ ಹಳತನ್ನು ಹಾಗೆಯೇ ಕಾಪಾಡಿಕೊಂಡು ಬಂದವರಲ್ಲ. 1939ರಲ್ಲಿ ನ್ಯಾಶ್‌ವಿಲ್‌ನ ರೇಡಿಯೊ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಓಪ್ರಿ ಸೇರಿದಾಗ ಅವರು ಹಳೆಯ ಹಾಡುಗಳ ವೇಗವನ್ನೂ ಶ್ರುತಿಯನ್ನೂ ಏರಿಸಿದರು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ತರುಣ ಮೂರು ಬೆರಳಿನ ಬ್ಯಾಂಜೊ ವಾದನದೊಂದಿಗೆ ಅವರ ತಂಡಕ್ಕೆ ಬಂದರು. ಒಬ್ಬರಾದ ಮೇಲೊಬ್ಬರು ಮುಂದೆ ಬಂದು ಸ್ವಂತ ಕಲ್ಪನೆಯಿಂದ ನುಡಿಸುವ, ಜಾಝ್‌ಗೆ ಹತ್ತಿರವಾದ ಪದ್ಧತಿ ಆ ತಂಡದಲ್ಲಿ ಗಟ್ಟಿಯಾಯಿತು. ಇಂದು ಶುದ್ಧ ಬ್ಲೂಗ್ರಾಸ್ ಎನ್ನುವುದು ಆ ದಿನಗಳ ಹೊಸ ಸಂಗೀತ. ಮನೋಧರ್ಮ ಅದರ ಹುಟ್ಟುಗುಣ. ಜಾಮ್ ಬ್ಯಾಂಡ್‌ಗಳು ಅದಕ್ಕೆ ಹೆಚ್ಚು ಜಾಗ ಕೊಟ್ಟಿವೆ, ಅಷ್ಟೆ.

ಉದ್ದ ಕೂದಲಿನವರು ಹೊರಗಿನಿಂದ ನುಗ್ಗಿದರು ಎಂಬ ಮಾತೂ ನಿಲ್ಲುವುದಿಲ್ಲ. ಜಾಮ್ ಬ್ಯಾಂಡ್‌ಗಳಿಗೆ ಮಾದರಿಯಾದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ ಕಟ್ಟುವ ಮೊದಲು ಜೆರಿ ಗಾರ್ಸಿಯಾ ಬ್ಯಾಂಜೊ ವಾದಕರಾಗಿದ್ದರು; 1964ರಲ್ಲಿ ಮನ್ರೋ ತಂಡ ಸೇರುವ ಆಸೆ ಹೊತ್ತು ಕ್ಯಾಲಿಫೋರ್ನಿಯಾದಿಂದ ಬ್ಲೂಗ್ರಾಸ್ ಸೀಮೆಗೆ ಪ್ರಯಾಣ ಮಾಡಿದ್ದರು. 1973ರಲ್ಲಿ ಅವರು ಓಲ್ಡ್ ಆ್ಯಂಡ್ ಇನ್ ದ ವೇ ತಂಡದಲ್ಲಿ ಮತ್ತೆ ಬ್ಯಾಂಜೊ ಹಿಡಿದಾಗ ಪಕ್ಕದಲ್ಲಿದ್ದ ಗಿಟಾರ್ ವಾದಕ ಪೀಟರ್ ರೋವನ್, ಪಿಟೀಲು ವಾದಕ ವಾಸರ್ ಕ್ಲೆಮೆಂಟ್ಸ್ ಇಬ್ಬರೂ ಮನ್ರೋ ಅವರ ಗರಡಿಯಲ್ಲೇ ಪಳಗಿದವರು. 1971ರಲ್ಲಿ ಹುಟ್ಟಿದ, ದೀರ್ಘ ವಾದನಕ್ಕೆ ಹೆಸರಾದ ನ್ಯೂ ಗ್ರಾಸ್ ರಿವೈವಲ್ ತಂಡವಂತೂ ಕೆಂಟಕಿಯ ಲೂಯಿವಿಲ್‌ನದೇ.

ಇನ್ನು ದೀರ್ಘ ವಾದನದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಬೇಕು. ಚರಣ ಮುಗಿದ ಮೇಲೆ ಬಾಸ್ ವಾದಕ ಕಾರ್ಡ್ ಬದಲಿಸುವುದನ್ನು ಬಿಟ್ಟು ಒಂದೇ ಆಧಾರದ ಮೇಲೆ ನೆಲೆಯೂರುತ್ತಾನೆ. ಗಿಟಾರ್ ತಗ್ಗಿನ ತಂತಿಗಳಲ್ಲಿ ಮೂರು ನಾಲ್ಕು ಸ್ವರಗಳ ತುಣುಕೊಂದನ್ನು ಹಿಡಿದು ತಿರುತಿರುಗಿ ನುಡಿಸುತ್ತದೆ; ಬ್ಯಾಂಜೊ ಅದನ್ನು ಕದ್ದುಕೊಂಡು ಅರ್ಧ ಮಾತ್ರೆ ತಡವಾಗಿ ಹಿಂತಿರುಗಿಸುತ್ತದೆ; ಮ್ಯಾಂಡೊಲಿನ್ ತಾಳದ ಪೆಟ್ಟನ್ನು ಬಿಟ್ಟು ಒಂದು ಸ್ವರವನ್ನು ನಡುಗಿಸುತ್ತ ನಿಂತಾಗ ಇಡೀ ತಂಡದ ಭಾರ ಹಗುರಾಗುತ್ತದೆ. ಎಲ್ಲರೂ ಎಲ್ಲರನ್ನೂ ಕೇಳುತ್ತಿರುವ ಈ ಸ್ಥಿತಿಗೆ ತಲುಪಲು ಹೊತ್ತು ಬೇಕು. ಹದಿನಾರು ಬಾರ್‌ಗಳಲ್ಲಿ (ತಾಳದ ಸುತ್ತುಗಳಲ್ಲಿ) ಮುಗಿಯುವ ಬ್ರೇಕ್‌ನಲ್ಲಿ, ಅಂದರೆ ಚರಣಗಳ ನಡುವಿನ ಚಿಕ್ಕ ಸೋಲೋದಲ್ಲಿ, ವಾದಕ ತಾನು ಮೊದಲೇ ಸಿದ್ಧಪಡಿಸಿಕೊಂಡದ್ದನ್ನು ಚೆನ್ನಾಗಿ ಹೇಳಬಲ್ಲ. ತನಗೇ ಗೊತ್ತಿಲ್ಲದ್ದನ್ನು ಹುಡುಕಲು ಅಲ್ಲಿ ಎಡೆಯಿಲ್ಲ. ರಾಗಾಲಾಪನೆಗೆ, ತನಿ ಆವರ್ತನಕ್ಕೆ ಒಗ್ಗಿದ ನಮ್ಮ ಕಿವಿಗೆ ಈ ಹುಡುಕಾಟ ಅಪರಿಚಿತವಾಗಬೇಕಿಲ್ಲ. ಬ್ಯಾಂಜೊ ವಾದಕ ಬೇಲಾ ಫ್ಲೆಕ್ ಜಾಕಿರ್ ಹುಸೇನರ ಜೊತೆ ಸಲೀಸಾಗಿ ನುಡಿಸಲು ಸಾಧ್ಯವಾದದ್ದಕ್ಕೆ, ನ್ಯೂ ಗ್ರಾಸ್ ರಿವೈವಲ್‌ನ ವರ್ಷಗಳಲ್ಲಿ ಅವರು ಬೆಳೆಸಿಕೊಂಡ ಈ ಸ್ವಾತಂತ್ರ್ಯವೂ ಒಂದು ಕಾರಣ ಎಂದು ನಾನು ತಿಳಿಯುತ್ತೇನೆ.

1992ರಲ್ಲಿ ಹುಟ್ಟಿದ ಗಿಟಾರ್ ವಾದಕ ಬಿಲ್ಲಿ ಸ್ಟ್ರಿಂಗ್ಸ್ ಅವರ ಕಛೇರಿಗೆ ದೀರ್ಘ ಸೋಲೋ ಕೇಳಲು ಬಂದ ಯುವಕರು ಅದೇ ರಾತ್ರಿ ಮನ್ರೋ ಅವರ, ಹಳೆಯ ಪೀಳಿಗೆಯ ಗಿಟಾರ್ ವಾದಕ ಡಾಕ್ ವಾಟ್ಸನ್ ಅವರ ಹಾಡುಗಳನ್ನೂ ಕೇಳಿ ಹೋಗುತ್ತಾರೆ. ಅವರಲ್ಲಿ ಕೆಲವರಾದರೂ ಹಳೆಯ ರೆಕಾರ್ಡುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಹಳೆಯ ಹಾಡಿಗೆ ಹೊಸ ಕೇಳುಗರನ್ನು ತಂದ ಬಾಗಿಲನ್ನು ಅದು ಅಗಲವಾಗಿದೆ ಎಂಬ ಕಾರಣಕ್ಕೆ ಮುಚ್ಚುವುದು ಸರಿಯಲ್ಲ.

ವಿರೋಧ

ಮೊದಲಿಗೆ ಒಂದು ಮಾತು. ಇದು ಕೂದಲಿನ, ಬಟ್ಟೆಯ ಜಗಳವಲ್ಲ. ಉದ್ದ ಕೂದಲು ಬಿಟ್ಟವರು ಬ್ಲೂಗ್ರಾಸ್ ನುಡಿಸಬಾರದೆಂದು ಒಂದು ಕಾಲದಲ್ಲಿ ಮೂಗು ಮುರಿದವರು ತಪ್ಪು ಮಾಡಿದರು. ನ್ಯೂ ಗ್ರಾಸ್ ರಿವೈವಲ್‌ನ ಸ್ಯಾಮ್ ಬುಷ್ ಅವರ ಮ್ಯಾಂಡೊಲಿನ್ ಕೇಳಿದ ಯಾರೂ ಇಂದು ಆ ಮಾತಾಡಲಾರರು. ನನ್ನ ಆಕ್ಷೇಪ ಸಂಗೀತದ ಕುರಿತಾದದ್ದು.

ತಟ್ಟೆಯ ಅಳತೆಯಿಂದ ಮೂರು ನಿಮಿಷ ಬಂತೆಂಬುದು ನಿಜ. ಆದರೆ ಮಿತಿ ಎಲ್ಲಿಂದ ಬಂತೆಂಬುದಕ್ಕಿಂತ ಅದರೊಳಗೆ ಏನು ಬೆಳೆಯಿತೆಂಬುದು ಮುಖ್ಯ. ಕಂದಪದ್ಯದ ನಾಲ್ಕು ಸಾಲುಗಳೂ ಮಿತಿಯೇ, ಅದರಿಂದ ಯಾವ ಕವಿಯ ಕೈಯೂ ಕಟ್ಟಿಹೋಗಲಿಲ್ಲ. ಮನ್ರೋ ತಂಡದಿಂದ ಹೊರಬಂದ ಗಾಯಕ, ಗಿಟಾರ್ ವಾದಕ ಲೆಸ್ಟರ್ ಫ್ಲಾಟ್ ಮತ್ತು ಸ್ಕ್ರಗ್ಸ್ 1949ರಲ್ಲಿ ಮುದ್ರಿಸಿದ 'ಫಾಗಿ ಮೌಂಟನ್ ಬ್ರೇಕ್‌ಡೌನ್' ಮೂರು ನಿಮಿಷಕ್ಕೂ ಕಡಿಮೆ. ಬ್ಯಾಂಜೊ ಮಾತು ತೆಗೆಯುತ್ತದೆ, ಪಿಟೀಲು ಅದನ್ನು ಕೈಗೆತ್ತಿಕೊಳ್ಳುತ್ತದೆ, ಮತ್ತೆ ಬ್ಯಾಂಜೊ ಬರುವಾಗ ಅದೇ ಮಾತು ಬೇರೆ ಒತ್ತಿನಲ್ಲಿ ಕೇಳಿಸುತ್ತದೆ. ಅದರಲ್ಲಿ ತೆಗೆದುಹಾಕಬಹುದಾದ ಒಂದು ಬಾರ್ ನನಗೆ ಸಿಕ್ಕಿಲ್ಲ. ಹದಿನೈದು ನಿಮಿಷದ ಜಾಮ್‌ಗಳಲ್ಲಿ ಅಂಥ ಎಷ್ಟೋ ಬಾರ್‌ಗಳು ಸಿಗುತ್ತವೆ. ಅವುಗಳನ್ನು ಪ್ರೀತಿಸುವವರೂ ಒಳ್ಳೆಯ ಘಟ್ಟ ಬರಲೆಂದು ಕಾಯುವುದನ್ನು ಒಪ್ಪಿಕೊಳ್ಳುತ್ತಾರೆ.

ಓಲ್ಡ್ ಆ್ಯಂಡ್ ಇನ್ ದ ವೇ ತಂಡದ ಉದಾಹರಣೆ ಜಾಮ್ ಪಕ್ಷಕ್ಕೆ ನೆರವಾಗುವುದಿಲ್ಲ. 1975ರಲ್ಲಿ ಹೊರಬಂದ ಅದರ ಆಲ್ಬಮ್‌ನಲ್ಲಿ ಹೆಚ್ಚಿನ ಹಾಡುಗಳು ಐದು ನಿಮಿಷದೊಳಗೆ ಮುಗಿಯುತ್ತವೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಗಂಟೆಗಟ್ಟಲೆ ಅಲೆಯಬಲ್ಲ ಗಾರ್ಸಿಯಾ ಬ್ಯಾಂಜೊ ಹಿಡಿದಾಗ ತನ್ನ ಸರದಿ ನುಡಿಸಿ ಹಿಂದೆ ಸರಿಯುತ್ತಾರೆ. ಎರಡು ವಾದ್ಯಗಳಿಗೆ ಎರಡು ಶಿಸ್ತು ಬೇಕೆಂಬುದು ಅವರಿಗೆ ತಿಳಿದಿತ್ತು.

ವಾದ್ಯಗಳ ಸ್ವಭಾವವನ್ನು ಈ ಚರ್ಚೆಯಲ್ಲಿ ಜನ ಮರೆಯುತ್ತಾರೆ. ಬ್ಯಾಂಜೊದ ಸ್ವರ ಹುಟ್ಟಿದ ಕ್ಷಣದಲ್ಲೇ ಸಾಯತೊಡಗುತ್ತದೆ. ಅದನ್ನು ಎಳೆದು ನಿಲ್ಲಿಸಲಾಗದು. ಒಂದರ ಹಿಂದೊಂದು ಸ್ವರ ಸುರಿದೇ ವಾದಕ ಸಂಗೀತವನ್ನು ತುಂಬಬೇಕು. ಅದು ಎರಡು ನಿಮಿಷ ರೋಮಾಂಚನ ಕೊಡುತ್ತದೆ, ಎಂಟು ನಿಮಿಷ ನಡೆದರೆ ಕಿವಿಗೆ ಒಂದೇ ಬಣ್ಣ. ಈ ಏಕತಾನತೆಯನ್ನು ಕಳೆಯಲು ಜಾಮ್ ಬ್ಯಾಂಡ್‌ಗಳು ವಾದ್ಯಗಳಿಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಜೋಡಿಸಿ, ಕಾಲ ಬಳಿ ಸದ್ದನ್ನು ಬದಲಿಸುವ ಪೆಡಲ್‌ಗಳನ್ನು ಹರಡಿಕೊಂಡು, ಸ್ವರವನ್ನು ಹಿಗ್ಗಿಸುತ್ತವೆ. ಮರ ಮತ್ತು ತಂತಿಯ ಸದ್ದು ಆಗಲೇ ಮರೆಯಾಗಿರುತ್ತದೆ. ತಾಳದ ಪ್ರಶ್ನೆಯೂ ಇದೆ. ಸಾಂಪ್ರದಾಯಿಕ ಬ್ಲೂಗ್ರಾಸ್‌ನಲ್ಲಿ ಡ್ರಮ್ ಇಲ್ಲ. ಬಾಸ್‌ನ ಪೆಟ್ಟುಗಳ ನಡುವೆ ಬೀಳುವ ಮ್ಯಾಂಡೊಲಿನ್‌ನ ಒಣ ಚಾಪ್ (ತಂತಿಗಳನ್ನು ಮೀಟಿ ತಕ್ಷಣ ತಡೆಯುವ ಚಿಕ್ಕ ಪೆಟ್ಟು) ಆ ಕೆಲಸ ಮಾಡುತ್ತದೆ. ಮ್ಯಾಂಡೊಲಿನ್ ತಾನೇ ಅಲೆದಾಟಕ್ಕೆ ಹೊರಟು ಬೇರೆ ಯಾರೂ ಆ ಪೆಟ್ಟನ್ನು ವಹಿಸಿಕೊಳ್ಳದಿದ್ದರೆ ಸಂಗೀತದ ಬೆನ್ನುಮೂಳೆ ಸಡಿಲವಾಗುತ್ತದೆ. ಅದನ್ನು ಹಗುರಾಗುವುದು ಎಂದು ಹೊಗಳಲು ನನಗೆ ಮನಸ್ಸಾಗದು.

ರಾಗಾಲಾಪನೆಯ ಹೋಲಿಕೆಯನ್ನೂ ನಾನು ಒಪ್ಪಲಾರೆ. ಆಲಾಪನೆ ತಾಳದ ಹಂಗಿಲ್ಲದೆ ನಿಧಾನವಾಗಿ ಆರಂಭವಾಗುತ್ತದೆ. ಯಾವ ಸ್ವರದಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಿ ಬಿಡಬೇಕು ಎಂಬುದನ್ನು ರಾಗ ಹೇಳಿಕೊಡುತ್ತದೆ. ಗಮಕಗಳಿಂದ ಒಂದೊಂದು ಸ್ವರಕ್ಕೂ ಜೀವ ಬರುತ್ತದೆ. ತನಿ ಆವರ್ತನದ ಹಿಂದೆ ಕಟ್ಟುನಿಟ್ಟಾದ ಲೆಕ್ಕವಿದೆ. ಬ್ಲೂಗ್ರಾಸ್ ಜಾಮ್ ಬಹುಪಾಲು ಹಾಡಿನ ವೇಗ ಈಗಾಗಲೇ ಶಿಖರದಲ್ಲಿರುವಾಗ ಶುರುವಾಗುತ್ತದೆ, ಮತ್ತು ಒಂದೇ ಕಾರ್ಡ್‌ನ ಮೇಲೆ ನಿಂತ ವಾದಕನಿಗೆ ದಾರಿ ತೋರುವ ವ್ಯಾಕರಣ ಅಷ್ಟು ವಿವರವಾಗಿಲ್ಲ. ದೀರ್ಘತೆಯನ್ನು ಹೊರಬಲ್ಲ ಪದ್ಧತಿಯೊಂದು ನಮ್ಮಲ್ಲಿದೆ ಎಂದಮಾತ್ರಕ್ಕೆ ಎಲ್ಲ ಪದ್ಧತಿಗಳೂ ಅದನ್ನು ಹೊರಬಲ್ಲವು ಎಂದಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ನೋವು ತರುವುದು ಹಾಡುಗಾರಿಕೆಗೆ ಆಗುತ್ತಿರುವ ಅನ್ಯಾಯ. ತೊರೆದುಬಂದ ಮನೆ, ಸತ್ತ ತಾಯಿ, ಕೊಲೆಯಾದ ಹುಡುಗಿ, ದೇವರ ಮೊರೆ ಇವು ಈ ಸಂಗೀತದ ವಸ್ತು. ಎತ್ತರದ ಶ್ರುತಿಯಲ್ಲಿ ಒಂಟಿತನವನ್ನು ಹೇಳುವ ಕಂಠ, ಅದರ ಮೇಲೆ ಕೂರುವ ಎತ್ತರದ ದನಿಯಾದ ಟೆನರ್, ಕೆಳಗಿನ ಇನ್ನೊಂದು ದನಿ, ಇವು ಅದರ ಹೃದಯ. ಒಂದೇ ಮೈಕ್‌ನ ಸುತ್ತ ನಿಂತು ಹಾಡುತ್ತಿದ್ದ ಕಾಲದಲ್ಲಿ ಬ್ರೇಕ್ ನುಡಿಸುವವನು ಮುಂದೆ ಬಂದು, ಮುಗಿಸಿದೊಡನೆ ಪಕ್ಕಕ್ಕೆ ಸರಿದು ಹಾಡುವವನಿಗೆ ಜಾಗ ಬಿಡಲೇಬೇಕಿತ್ತು, ಮತ್ತು ಮುಂದಿನ ಚರಣ ಬಂದಾಗ ಕೇಳುಗ ಕಥೆಯ ಎಳೆಯನ್ನು ಇನ್ನೂ ಹಿಡಿದಿರುತ್ತಿದ್ದ. ಎರಡನೆಯ ಚರಣಕ್ಕೂ ಮೂರನೆಯದಕ್ಕೂ ನಡುವೆ ಹನ್ನೊಂದು ನಿಮಿಷದ ವಾದನ ತುಂಬಿದರೆ, ಹುಡುಗಿಯ ಕೊಲೆ ಯಾರ ನೆನಪಿನಲ್ಲಿ ಉಳಿಯುತ್ತದೆ? ಎಳೆಯ ವಾದಕರು ಚಪ್ಪಾಳೆ ಎಲ್ಲಿ ಬೀಳುತ್ತದೆಯೆಂದು ನೋಡಿ ಕಲಿಯುತ್ತಾರೆ. ಅದು ವೇಗದ ಮೇಲೆಯೇ ಬಿದ್ದರೆ ಮೂರು ದನಿಗಳನ್ನು ಒಂದಾಗಿ ಬೆಸೆಯುವ ವರ್ಷಗಳ ಸಾಧನೆಗೆ ಯಾರೂ ಕೂರುವುದಿಲ್ಲ. ವಾದ್ಯವೃಂದವಾಗಿಯೇ ಹುಟ್ಟಿದ ಕೃತಿಗಳನ್ನು ಜಾಮ್ ಬ್ಯಾಂಡ್‌ಗಳು ಎಷ್ಟು ಬೇಕಾದರೂ ಬೆಳೆಸಲಿ, ನನ್ನ ತಕರಾರಿಲ್ಲ. ಕಥೆ ಹೇಳುವ ಹಾಡನ್ನು ಮಾತ್ರ ಅದರ ಕಥೆ ಮುಗಿಯುವವರೆಗೆ ಬಿಟ್ಟುಬಿಡಲಿ.