ಬರ್ತದ, ಇಲ್ಲಾ ಬರಲ್ಲ

ರಾಯಚೂರು ಸೀಮೆಗೆ ಎಡೆದೊರೆ ನಾಡು ಅಂತ ಹಳೆಯ ಹೆಸರಿದೆ. ಎರಡು ಹೊಳೆಗಳ ನಡುವಿನ ನೆಲ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ನಡುವೆ ನಮ್ಮೂರು, ಹೆಸರು ಬೇಡ ಬಿಡಿ. ಅಲ್ಲಿ ನಮ್ಮ ಓಣಿಯ ನಳ ಒಂಬತ್ತು ದಿನದಿಂದ ಒಣಗಿ ನಿಂತಿದೆ.

ಕೇಳೋಣ ಅಂತ ನೀರಿನ ಆಫೀಸಿಗೆ ಹೋದೆ. ಹತ್ತನೇ ಕ್ಲಾಸಿನ ಮಗಳೂ ಜೊತೆಗಿದ್ದಳು. ಸಾಹೇಬರು ಚಹಾ ಕುಡಿಯುತ್ತಿದ್ದರು.

"ನೋಡ್ರಿ, ನಾಳೆ ನೀರು ಬರ್ತದ, ಇಲ್ಲಾ ಬರಲ್ಲ. ಎರಡೇ ದಾರಿ. ಅಂದ್ರ ಫಿಫ್ಟಿ-ಫಿಫ್ಟಿ. ಇನ್ನೇನು ಬೇಕ್ರೀ ನಿಮಗ?"

ಒಂಬತ್ತು ದಿನ ಸೊನ್ನೆ ಕಂಡವನಿಗೆ ಅರ್ಧ ಅಂದ್ರೆ ಹಬ್ಬವೇ. ಖುಷಿಯಿಂದ ಎದ್ದೆ. ಮಗಳು ಏಳಲಿಲ್ಲ.

"ಸರ್, ಲೂಡೋ ದಾಳ ಹಾಕಿದ್ರ ಆರು ಬೀಳ್ತದ, ಇಲ್ಲಾ ಬೀಳಲ್ಲ. ಅದೂ ಫಿಫ್ಟಿ-ಫಿಫ್ಟಿ ಏನ್ರೀ?"

"ಮತ್ತ?"

"ಅಲ್ರೀ. ಆರು ಮುಖ ಅದಾವ, ಎಲ್ಲಕ್ಕೂ ಸಮ ಅವಕಾಶ. ಬೀಳೋದು ಆರರಾಗ ಒಂದು, ಬೀಳದಿರೋದು ಆರರಾಗ ಐದು."

ಸಾಹೇಬರು ಕಪ್ಪು ಕೆಳಗಿಟ್ಟರು. ಅವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೇರ್ 1754ರಲ್ಲಿ ಇಂಥದೇ ಗುಂಡಿಗೆ ಬಿದ್ದಿದ್ದ, ಅದೂ ವಿಶ್ವಕೋಶದಲ್ಲಿ ಅಚ್ಚು ಹಾಕಿಸಿಕೊಂಡು. ನಾಣ್ಯ ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವ ಸಂಭವ ಎಷ್ಟು? ಮೊದಲನೇ ಸಲವೇ ಬಿತ್ತು, ಎರಡನೇ ಸಲ ಬಿತ್ತು, ಬೀಳಲೇ ಇಲ್ಲ. ದಾರಿ ಮೂರು, ಹಾಗಾಗಿ ಮೂರರಲ್ಲಿ ಎರಡು ಅಂದ. ಮೂರೂ ಸಮ ಅಲ್ಲ ಅನ್ನೋದು ಅವನಿಗೆ ಹೊಳೆಯಲಿಲ್ಲ. ಮೊದಲನೇ ದಾರಿಯೊಂದೇ ಅರ್ಧ ನುಂಗಿರುತ್ತದೆ. ಸರಿಯಾದ ಲೆಕ್ಕ ನಾಲ್ಕರಲ್ಲಿ ಮೂರು.

"ಹೋಗ್ಲಿ ಸರ್, ನಿಮ್ಮ ಲೆಕ್ಕನೇ ಹಿಡಿಯೋಣ," ಮಗಳು ಬಿಡಲಿಲ್ಲ. "ಕೃಷ್ಣೆಗೊಂದು ಫಿಫ್ಟಿ-ಫಿಫ್ಟಿ, ತುಂಗಭದ್ರೆಗೊಂದು. ಎರಡೂ ಬರ್ತಾವ, ಅದೊಂದೇ, ಇದೊಂದೇ, ಎರಡೂ ಇಲ್ಲ. ನಾಲ್ಕರಾಗ ಮೂರು ಸಲ ನೀರು ಬರಬೇಕಲ್ರೀ? ತಿಂಗಳಿಗೆ ಇಪ್ಪತ್ತೆರಡು ದಿನ!"

ನೀರು ಬಂದ ದಿನ ನನ್ನ ಹೆಂಡತಿ ಕ್ಯಾಲೆಂಡರಿಗೆ ಅರಿಶಿನದ ಬೊಟ್ಟು ಇಡುತ್ತಾಳೆ. ಹೋದ ತಿಂಗಳು ಇದ್ದದ್ದು ಮೂರು ಬೊಟ್ಟು. ಅದರಲ್ಲೂ ಒಂದು ಗಾಳಿಯದು. ನಳ ಕೆಮ್ಮಿದ್ದನ್ನೇ ನೀರು ಅಂತ ನಂಬಿ ಅವಸರದಲ್ಲಿ ಇಟ್ಟುಬಿಟ್ಟಿದ್ದಳು.

ಸಾಹೇಬರು ಗಡಿಯಾರ ನೋಡಿದರು. "ಹುಡುಗಿ ಭಾಳ ಚುರುಕ ಅದಾಳ. ಒಂದು ಅರ್ಜಿ ಕೊಟ್ಟು ಹೋಗ್ರಿ. ನೋಡ್ತೀವಿ, ಇಲ್ಲಾ..." ಉಳಿದದ್ದು ನಮಗೇ ಗೊತ್ತಿತ್ತು.

ವಾಪಸ್ ಬರುವಾಗ ಅವರ ಮನೆ ಸಿಗುತ್ತದೆ. ಗೇಟಿಗೆ ಒತ್ತಿ ಟ್ಯಾಂಕರ್ ನಿಂತಿತ್ತು. ದಪ್ಪ ಪೈಪು ಸಂಪಿನೊಳಗೆ ಗಳಗಳ ಸುರಿಯುತ್ತಿತ್ತು. ಪಾಪ, ಅವರ ನಾಣ್ಯವೂ ಮಗುಚಿ ಬಿದ್ದಿರಬೇಕು.