ಕಣದ ಮಾತು ಕಣದವರದ್ದು

ನಿನ್ನೆ ಮೂಡಿಗೆರೆ ಕಡೆಯ ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತ ತೋಟದ ಮಾಲೀಕರೊಬ್ಬರು ಮೊಬೈಲ್‌ನಲ್ಲಿ ತಮ್ಮ ಕಾಫಿ ಕಣ ತೋರಿಸಿದರು. ಹೊಸ ಸಿಸಿಟಿವಿ. ಹೆಂಗಸರು ಕಾಫಿ ಹರವುತ್ತಿದ್ದರು. 'ಮಾತೂ ಕೇಳುತ್ತೆ ನೋಡಿ' ಅಂತ ವಾಲ್ಯೂಮ್ ಏರಿಸಿದರು. ಮಗಳ ಹೆರಿಗೆ ಖರ್ಚಿಗೆ ರೈಟರ (ತೋಟದ ಕೆಲಸ, ಕೂಲಿ ಲೆಕ್ಕ ನೋಡುವವರು) ಹತ್ತಿರ ಅಡ್ವಾನ್ಸ್ ಕೇಳೋದು ಹೇಗೆ ಅಂತ ಒಬ್ಬಾಕೆ ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಪಂಕ್ತಿಯಲ್ಲಿ ಕೂತ ನಾವೆಲ್ಲ ಕೇಳಿಸಿಕೊಂಡೆವು. ನನಗೆ ತುತ್ತು ಇಳಿಯಲಿಲ್ಲ.

ಹಾಸನ ಆಕಾಶವಾಣಿಗೆ ನಾನು ಮೈಕ್ ಹಿಡಿದು ಹಳ್ಳಿ ಸುತ್ತಿದವಳು. 'ರೆಕಾರ್ಡ್ ಮಾಡ್ಲಾ ಅಮ್ಮ?' ಅಂತ ಕೇಳದೆ ಗುಂಡಿ ಒತ್ತುತ್ತಿರಲಿಲ್ಲ. ಕೇಳಿದ ಮೇಲೂ ಜನರ ದನಿ ಬದಲಾಗುತ್ತಿತ್ತು. ಮೈಕ್ ಒಳಗಿಟ್ಟ ಮೇಲೆಯೇ ನಿಜವಾದ ಮಾತು ಶುರು.

ಲಾರೆನ್ಸ್ ಅಬು ಹಮ್ದಾನ್ ಅಂತ ಒಬ್ಬ ಕಲಾವಿದರಿದ್ದಾರೆ. ಜೋರ್ಡಾನಿನ ಅಮ್ಮಾನ್‌ನಲ್ಲಿ ಹುಟ್ಟಿದವರು, ಶಬ್ದವೇ ಅವರ ಮಾಧ್ಯಮ. ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್ ಅನ್ನು 2019ರಲ್ಲಿ ಹಂಚಿಕೊಂಡ ನಾಲ್ವರಲ್ಲಿ ಒಬ್ಬರು. ಸಿರಿಯಾದ ಸೈದ್ನಾಯಾ ಜೈಲಿನಲ್ಲಿ ಕೈದಿಗಳಿಗೆ ಕಣ್ಣು ಕಟ್ಟುತ್ತಿದ್ದರು, ಕತ್ತಲಲ್ಲಿ ಇಡುತ್ತಿದ್ದರು. ಅವರಿಗಿದ್ದ ಸಾಕ್ಷ್ಯವೆಲ್ಲ ಕಿವಿಯದು. ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಮತ್ತು ಲಂಡನ್ನಿನ ಸಂಶೋಧನಾ ತಂಡ ಫೊರೆನ್ಸಿಕ್ ಆರ್ಕಿಟೆಕ್ಚರ್ ಜೊತೆ 2016ರಲ್ಲಿ ಅಬು ಹಮ್ದಾನ್ ಬದುಕಿ ಬಂದವರನ್ನು ಕೂರಿಸಿಕೊಂಡು, ಕಾವಲುಗಾರರಿಗೆ ಕೇಳದಂತೆ ಎಷ್ಟು ಮೆಲ್ಲಗೆ ಪಿಸುಗುಡುತ್ತಿದ್ದಿರಿ ಅಂತ ಅಳೆದರು. ಸಿರಿಯಾದಲ್ಲಿ ಜನರ ದಂಗೆ ಶುರುವಾದ 2011ರ ನಂತರ ಆ ಪಿಸುಮಾತು 19 ಡೆಸಿಬಲ್ ಇಳಿದಿತ್ತು. ಕಿವಿಗೆ ಹೆಚ್ಚುಕಮ್ಮಿ ನಾಲ್ಕು ಪಟ್ಟು ಕಡಿಮೆ. ಹಿಂಸೆ ಎಷ್ಟು ಏರಿತು ಅನ್ನೋದನ್ನು ಅವರು ಇಳಿದ ದನಿಯಲ್ಲಿ ಹಿಡಿದರು. ಇದನ್ನು ಮೊದಲು ಓದಿದ ರಾತ್ರಿ ನಾನು ಅತ್ತಿದ್ದೆ.

ಆ ಜೈಲಿಗೂ ನಮ್ಮ ತೋಟಕ್ಕೂ ಎಲ್ಲಿಯ ಹೋಲಿಕೆ ಅಂತ ಬೈಯಬೇಡಿ. ಅಲ್ಲಿಯ ಕ್ರೌರ್ಯ ಇಲ್ಲಿಲ್ಲ. ಆದರೆ ಕೂಲಿ ಕೊಡುವವರ ಕಿವಿ ತಲೆ ಮೇಲೆ ತೂಗುತ್ತಿದೆ ಅಂತ ಗೊತ್ತಾದ ದಿನ ಕಣದಲ್ಲೂ ದನಿ ಇಳಿಯುತ್ತದೆ. ಕೂಲಿ ಸಾಲದು ಅನ್ನೋ ಮಾತು, ರೈಟರ ಮೇಲಿನ ದೂರು, ಗಂಡನ ಕುಡಿತ, ಮುಟ್ಟಿನ ನೋವು, ಎಲ್ಲ ಗಂಟಲಲ್ಲೇ ಉಳಿಯುತ್ತವೆ. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲು ಮನೆಗಳ, ಇಕ್ಕಟ್ಟಿನಲ್ಲಿ ಬದುಕುವ ಹೆಂಗಸರಿಗೆ ಮನಬಿಚ್ಚಿ ಮಾತಾಡೋಕೆ ಇರೋದೇ ಆ ಕಣ.

ಕಾಫಿ ಕಳ್ಳತನ ಆಗುತ್ತಲ್ಲ ಅಂತೀರಿ. ಆಗುತ್ತೆ, ನಮ್ಮ ಮನೆಯದೂ ತೋಟವೇ. ಮೂಟೆ ಹೊತ್ತವನು ಚಿತ್ರದಲ್ಲಿ ಸಿಗುತ್ತಾನೆ. ಅವನನ್ನು ಹಿಡಿಯೋಕೆ ಬಸುರಿ ಮಗಳ ತಾಯಿಯ ಮಾತು ಯಾಕೆ ಬೇಕು? ಮಾಲೀಕರನ್ನು ಇದೇ ಕೇಳಿದೆ. 'ಕಂಪನಿಯವರೇ ಹಾಗೆ ಫಿಟ್ ಮಾಡಿದ್ದು' ಅಂದರು. ವಾಲ್ಯೂಮ್ ಏರಿಸಿದ್ದು ಕಂಪನಿಯವರಲ್ಲ.

2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದರು. ಆ ತೀರ್ಪಿಗೆ ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿದೆ. ಕೇಸು ಸರ್ಕಾರದ ವಿರುದ್ಧದ್ದು, ನಿಜ. ಲೈನ್ ಮನೆಯವರಿಗೆ ಆ ಮರ್ಯಾದೆ ಕೊಡೋಕೆ ನಮಗೆ ಕೋರ್ಟ್ ಆದೇಶವೇ ಬೇಕಾ?

ತೋಟ ಇರುವ ಸ್ನೇಹಿತರೇ, ನಿಮ್ಮ ಕ್ಯಾಮೆರಾಗೂ ಮೈಕ್ ಇದ್ದರೆ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಆಡಿಯೋ ಆಫ್ ಮಾಡಿ. ಮಾಡಿದ್ದೀವಿ ಅಂತ ಕಣದಲ್ಲಿ ನಿಂತು ಅವರಿಗೂ ಹೇಳಿ. ಈ ಕೊಯ್ಲು ಮುಗಿಯುವ ಮೊದಲೇ.